299 ರೂಪಾಯಿಗೆ 1 ಟಿಬಿ ಮೆಮೊರಿ ಕಾರ್ಡ್! ಅಗ್ಗದ ಕಾರ್ಡನ್ನು ನಂಬಿ ಫೋಟೋ ಇಡಬಹುದೇ?

"ಫ್ಯಾಕ್ಟರಿ ಮುಚ್ಚುತ್ತಿದೆ, ಸ್ಟಾಕ್ ಖಾಲಿ ಮಾಡ್ತಿದ್ದಾರೆ. 1 ಟಿಬಿ ಮೆಮೊರಿ ಕಾರ್ಡ್ ಬರೀ 299 ರೂಪಾಯಿ. ಇವತ್ತು ರಾತ್ರಿ 12 ಗಂಟೆವರೆಗೆ ಮಾತ್ರ. ನಿಮ್ಮವರಿಗೆಲ್ಲ ಶೇರ್ ಮಾಡಿ."

ಇಂಥದ್ದೊಂದು ಮೆಸೇಜು ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಳಗೆ ಒಂದು ಲಿಂಕು, ಜೊತೆಗೆ ದೊಡ್ಡ ಕಂಪನಿಯ ಹೆಸರಿರುವ ಕಾರ್ಡಿನ ಚಿತ್ರ. ಲಿಂಕು ಒತ್ತದಿದ್ದರೂ ಪರವಾಗಿಲ್ಲ, ಸಂತೆಯಲ್ಲಿ, ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯಲ್ಲಿ, ಜಾತ್ರೆಯ ಸಾಲಿನಲ್ಲಿ ಪ್ಯಾಕೆಟ್ಟೇ ಇಲ್ಲದ ಕಾರ್ಡುಗಳು, ಪೆನ್‌ಡ್ರೈವ್‌ಗಳು ಸಿಗುತ್ತವೆ. ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ, ಫೋನಿನಲ್ಲಿ "ಸ್ಟೋರೇಜ್ ಫುಲ್" ಎಂದು ಬಂದ ಕೂಡಲೇ ನಾವೆಲ್ಲ ಮಾಡುವ ಲೆಕ್ಕ ಒಂದೇ: ಅಷ್ಟು ಕಡಿಮೆ ದುಡ್ಡಿಗೆ ಸಿಗುವಾಗ ಜಾಸ್ತಿ ಯಾಕೆ ಕೊಡಬೇಕು?

ಪ್ರಶ್ನೆ ತಪ್ಪಲ್ಲ. ಅಗ್ಗದ್ದೆಲ್ಲ ಕೆಟ್ಟದ್ದೂ ಅಲ್ಲ. ಅದಕ್ಕೇ ಈ ಬರಹದಲ್ಲಿ ನಾವು ಯಾವ ಅಗ್ಗ ನಿಜವಾದ ಅಗ್ಗ, ಯಾವ ಅಗ್ಗ ಮೋಸ, ಯಾವ ಕೆಲಸಕ್ಕೆ ಅಗ್ಗದ ಕಾರ್ಡು ಸಾಕು ಎಂದು ಬಿಡಿಸಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

1. 299 ರೂಪಾಯಿಗೆ 1 ಟಿಬಿ ಎಂಬುದು ಸುಳ್ಳು. ಅಸಲಿ 1 ಟಿಬಿ ಕಾರ್ಡಿಗೆ ಹಲವು ಸಾವಿರ ರೂಪಾಯಿ ಬೆಲೆಯಿದೆ.
2. ಕಡಿಮೆ ದರ್ಜೆಯ ಕಾರ್ಡು ಹಾಡು, ಸಿನಿಮಾ, ಫೈಲ್ ಸಾಗಿಸುವ ಕೆಲಸಕ್ಕೆ ಸಾಕು. ಕೆಟ್ಟರೆ ಮತ್ತೆ ಹಾಕಿಸಿಕೊಳ್ಳಬಹುದು.
3. ಜಗತ್ತಿನಲ್ಲಿ ಒಂದೇ ಪ್ರತಿ ಇರುವ ಫೋಟೋ, ದನಿ, ದಾಖಲೆಯನ್ನು ಅದರಲ್ಲಿ ಇಡಬೇಡಿ. ದುಬಾರಿ ಕಾರ್ಡಿನಲ್ಲೂ ಅದೊಂದರಲ್ಲೇ ಇಡಬೇಡಿ.

ಯಾಕೆ ಎಂದು ಈಗ ನೋಡೋಣ.

ಅಗ್ಗದಲ್ಲಿ ಮೂರು ಬಗೆ

ಮಾರುಕಟ್ಟೆಯಲ್ಲಿ "ಕಡಿಮೆ ಬೆಲೆಯ ಕಾರ್ಡು" ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ವಸ್ತುಗಳಿವೆ.

ಮೊದಲನೆಯದು, ಹೆಸರಿರುವ ಕಂಪನಿಯ ಕೆಳಮಟ್ಟದ ಮಾದರಿ. ನಿಧಾನ ಇರಬಹುದು, ಆದರೆ ಪ್ಯಾಕೆಟ್ಟಿನ ಮೇಲೆ 64 ಜಿಬಿ ಎಂದಿದ್ದರೆ ಒಳಗೂ 64 ಜಿಬಿ ಇರುತ್ತದೆ. ವಾರಂಟಿ ಇರುತ್ತದೆ. ಇದು ಪ್ರಾಮಾಣಿಕ ಅಗ್ಗ.

ಎರಡನೆಯದು, ಹೆಸರಿಲ್ಲದ ಅಥವಾ ಕೇಳರಿಯದ ಹೆಸರಿನ ಕಾರ್ಡು. ಜಾಗ ಹೇಳಿದಷ್ಟೇ ಇರಬಹುದು, ಆದರೆ ಒಳಗಿನ ಚಿಪ್ಪು ಕಡಿಮೆ ದರ್ಜೆಯದ್ದು. ಇದು ಅದೃಷ್ಟದ ಅಗ್ಗ. ಐದು ವರ್ಷ ಬರಬಹುದು, ಐದು ತಿಂಗಳಲ್ಲೂ ಹೋಗಬಹುದು.

ಮೂರನೆಯದು, ನಕಲಿ. ಒಳಗೆ 16 ಅಥವಾ 32 ಜಿಬಿ ಜಾಗ, ಮೇಲೆ 1 ಟಿಬಿ ಎಂಬ ಹೆಸರು. ಕೆಲವೊಮ್ಮೆ ದೊಡ್ಡ ಕಂಪನಿಯ ಹೆಸರು, ಬಣ್ಣ, ಪ್ಯಾಕೆಟ್ಟು ಎಲ್ಲವನ್ನೂ ಹಾಗೇ ನಕಲು ಮಾಡಿರುತ್ತಾರೆ. ಫಾರ್ವರ್ಡಿನಲ್ಲಿ ಬರುವುದು ಹೆಚ್ಚಾಗಿ ಇದೇ. ಇದನ್ನು ಅಗ್ಗ ಎನ್ನುವುದೇ ತಪ್ಪು. ಇದು ತೂಕದಲ್ಲಿ ಮೋಸ.

ನಕಲಿ ಕಾರ್ಡು ಸಿಕ್ಕಿಬೀಳುವುದಿಲ್ಲ ಯಾಕೆ?

"ನಾನು ಫೋನಿಗೆ ಹಾಕಿ ನೋಡಿದೆ, 1 ಟಿಬಿ ಅಂತಲೇ ತೋರಿಸ್ತು" ಎಂದು ಎಷ್ಟೋ ಮಂದಿ ಹೇಳುತ್ತಾರೆ. ತೋರಿಸುತ್ತದೆ, ನಿಜ. ಅಲ್ಲೇ ಮೋಸ ಇರುವುದು.

ಪ್ರತಿ ಮೆಮೊರಿ ಕಾರ್ಡಿನೊಳಗೆ ಎರಡು ಭಾಗಗಳಿವೆ. ಒಂದು, ಮಾಹಿತಿ ಉಳಿಯುವ ಚಿಪ್ಪು. ಇನ್ನೊಂದು, ಅದನ್ನು ನೋಡಿಕೊಳ್ಳುವ ಕಂಟ್ರೋಲರ್. ಫೋನು "ನಿನ್ನಲ್ಲಿ ಎಷ್ಟು ಜಾಗ ಇದೆ?" ಎಂದು ಕೇಳುವುದು ಕಂಟ್ರೋಲರನ್ನು. ಅದು ಹೇಳಿದ್ದನ್ನು ಫೋನು ಹಾಗೇ ನಂಬುತ್ತದೆ. ನಕಲಿ ಕಾರ್ಡು ಮಾಡುವವರು ಈ ಕಂಟ್ರೋಲರಿನ ಒಳಗಿನ ಪ್ರೋಗ್ರಾಮನ್ನೇ ಬದಲಿಸಿ, ಸುಳ್ಳು ಅಳತೆ ಹೇಳುವಂತೆ ಮಾಡಿರುತ್ತಾರೆ.

ಗುಂಡ್ಲುಪೇಟೆ ಕಡೆ ಅರಿಸಿನ ಬೆಳೆಯುವವರಿಗೆ ಇದನ್ನು ಹೀಗೆ ಹೇಳಬಹುದು. ಒಂದು ಗೋಡೌನಿನಲ್ಲಿ 32 ಮೂಟೆಗಷ್ಟೇ ಜಾಗ ಇದೆ. ಬಾಗಿಲಲ್ಲಿ ಕೂತ ಗುಮಾಸ್ತ ಮಾತ್ರ 1000 ಮೂಟೆ ಹಿಡಿಯುತ್ತದೆ ಎನ್ನುತ್ತಾನೆ. ನೀವು ಮೂಟೆ ತಂದಂತೆಲ್ಲ ಪುಸ್ತಕದಲ್ಲಿ ಬರೆದುಕೊಂಡು ಚೀಟಿ ಕೊಡುತ್ತಾನೆ. ಮೊದಲ 32 ಮೂಟೆ ಒಳಗೆ ಹೋಗುತ್ತವೆ. 33ನೆಯದು ಬಂದಾಗ ಅವನು ಎರಡರಲ್ಲಿ ಒಂದು ಕೆಲಸ ಮಾಡುತ್ತಾನೆ. ಅದನ್ನು ಹಿತ್ತಲಿಗೆ ಎಸೆಯುತ್ತಾನೆ, ಇಲ್ಲವೇ ಒಳಗಿದ್ದ ಮೊದಲ ಮೂಟೆಯನ್ನು ಹೊರಹಾಕಿ ಇದನ್ನು ಅಲ್ಲಿಡುತ್ತಾನೆ. ಪುಸ್ತಕದಲ್ಲಿ ಮಾತ್ರ ಎಲ್ಲ ಲೆಕ್ಕವೂ ಸರಿಯಾಗಿರುತ್ತದೆ. ನಿಮ್ಮ ಕೈಯಲ್ಲಿ ಚೀಟಿಯೂ ಇರುತ್ತದೆ. ಮಾಲು ಕೇಳಲು ಹೋದ ದಿನವೇ ನಿಜ ಗೊತ್ತಾಗುವುದು.

ನಕಲಿ ಕಾರ್ಡಿನಲ್ಲೂ ಹೀಗೇ. ಫೈಲುಗಳ ಹೆಸರಿನ ಪಟ್ಟಿ ಕಾರ್ಡಿನ ಮೊದಲ ಭಾಗದಲ್ಲಿ, ಅಂದರೆ ನಿಜವಾದ ಜಾಗದಲ್ಲೇ ಕೂತಿರುತ್ತದೆ. ಹಾಗಾಗಿ ಫೈಲಿನ ಹೆಸರು ಕಾಣುತ್ತದೆ, ಅಳತೆ ಕಾಣುತ್ತದೆ, ದಿನಾಂಕವೂ ಕಾಣುತ್ತದೆ. ತೆರೆದರೆ ಬೂದು ಬಣ್ಣದ ಚೌಕ, ಅರ್ಧ ಫೋಟೋ ಅಥವಾ "ಫೈಲ್ ತೆರೆಯಲಾಗುತ್ತಿಲ್ಲ" ಎಂಬ ಸಂದೇಶ. ಹೊಸ ಫೈಲು ಹಳೆಯದರ ಮೇಲೆ ಕೂರುವ ಬಗೆಯ ಕಾರ್ಡಾದರೆ ಒಂದು ದಿನ ಆ ಪಟ್ಟಿಯೇ ಅಳಿಸಿಹೋಗಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಫೋನು ಕೇಳುತ್ತದೆ.

ಇಲ್ಲಿ ಒಂದು ಕಹಿ ಸತ್ಯವಿದೆ. ಒಳ್ಳೆಯ ಕಾರ್ಡು ಕೆಟ್ಟಾಗ ಡೇಟಾ ರಿಕವರಿ ಮಾಡುವವರು ಒಂದಿಷ್ಟನ್ನಾದರೂ ಹೊರತೆಗೆಯುವ ಸಾಧ್ಯತೆ ಇರುತ್ತದೆ. ನಕಲಿ ಕಾರ್ಡಿನಲ್ಲಿ ಜಾಗ ಮೀರಿದ ಮೇಲೆ ಹಾಕಿದ ಫೋಟೋಗಳನ್ನು ಯಾರಿಂದಲೂ ತೆಗೆಯಲಾಗದು. ಅವು ಕಳೆದುಹೋದದ್ದಲ್ಲ. ಅಲ್ಲಿ ಬರೆದೇ ಇರಲಿಲ್ಲ.

ಐದು ಸ್ಟಾರ್ ಕೊಟ್ಟವರೆಲ್ಲ ಸುಳ್ಳು ಹೇಳಿದರೇ?

ಇಲ್ಲ. ಅವರೂ ನಂಬಿದವರೇ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ.

ಸಾಮಾನ್ಯ ಫೋನಿನ ಒಂದು ಫೋಟೋ 4 ಎಂಬಿ ಎಂದುಕೊಳ್ಳಿ. 32 ಜಿಬಿ ತುಂಬಲು 8,000 ಫೋಟೋ ಬೇಕು. ದಿನಕ್ಕೆ 20 ಫೋಟೋ ತೆಗೆಯುವ ಮನೆಗೆ ಅದು 400 ದಿನದ ಮಾತು. ಅಂದರೆ "1 ಟಿಬಿ" ಕಾರ್ಡು ಕೊಂಡವರಿಗೆ ಒಂದು ವರ್ಷದ ಮೇಲೂ ಯಾವ ತೊಂದರೆಯೂ ಕಾಣದಿರಬಹುದು. ವಾಪಸು ಕೊಡಲು ಸಿಗುವ 7 ಅಥವಾ 10 ದಿನ ಯಾವಾಗಲೋ ಮುಗಿದಿರುತ್ತದೆ. ಮಾರಿದ ಅಂಗಡಿಯ ಪುಟವೂ ಅಲ್ಲಿ ಇಲ್ಲದೆ ಹೋಗಿರಬಹುದು.

ಒಬ್ಬರು ಹಟ ಹಿಡಿದು ಮೊದಲ ದಿನವೇ ತುಂಬಿಸಿ ನೋಡುತ್ತೇನೆ ಎಂದುಕೊಂಡರೂ, ಸೆಕೆಂಡಿಗೆ 10 ಎಂಬಿ ವೇಗದಲ್ಲಿ 1 ಟಿಬಿ ತುಂಬಲು ಸುಮಾರು 28 ಗಂಟೆ ಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಪಾರ್ಸೆಲ್ ಬಿಚ್ಚಿದ ದಿನ ಕಾರ್ಡು ಹಾಕಿ, 1 ಟಿಬಿ ಎಂದು ಕಂಡ ಖುಷಿಯಲ್ಲಿ ಐದು ಸ್ಟಾರ್ ಕೊಟ್ಟಿರುತ್ತಾರೆ. ಆ ಸ್ಟಾರುಗಳನ್ನು ನೋಡಿ ಇನ್ನೊಬ್ಬರು ಕೊಳ್ಳುತ್ತಾರೆ. ಈ ಮೋಸ ಉಳಿದಿರುವುದು ಖರೀದಿಗೂ ಪೆಟ್ಟಿಗೂ ನಡುವಿನ ಈ ಅಂತರದಿಂದಲೇ.

ಕಡಿಮೆ ದರ್ಜೆಯ ಚಿಪ್ಪು ಅಂದರೇನು?

ಈಗ ಎರಡನೆಯ ಬಗೆಗೆ ಬರೋಣ. ಜಾಗ ಸರಿ ಇದೆ, ಆದರೆ ಗುಣಮಟ್ಟ ಕಡಿಮೆ. ಇದು ಹೇಗೆ?

ಕಾರ್ಡು, ಪೆನ್‌ಡ್ರೈವ್, ಫೋನಿನ ಒಳಗಿನ ಸ್ಟೋರೇಜು ಎಲ್ಲವೂ ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೋ ಮಸುಓಕಾ 1980ರ ದಶಕದಲ್ಲಿ ಇದನ್ನು ರೂಪಿಸಿದರು. ನಾವು ಇಂದು ಬಳಸುವ ನ್ಯಾಂಡ್ ಎಂಬ ಬಗೆಯನ್ನು 1987ರಲ್ಲಿ ಮಂಡಿಸಿದರು. ಇದರಲ್ಲಿ ತಿರುಗುವ ಚಕ್ರವಿಲ್ಲ, ಟೇಪಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕಿ ಇಡುವುದೇ ಮಾಹಿತಿ ಉಳಿಸುವ ವಿಧಾನ. ಸುತ್ತಲೂ ತೆಳುವಾದ ನಿರೋಧಕ ಪದರ ಇರುವುದರಿಂದ ಕರೆಂಟ್ ಇಲ್ಲದಿದ್ದರೂ ಅವು ಅಲ್ಲೇ ಉಳಿಯುತ್ತವೆ.

ಈ ಕೋಶವನ್ನು ಒಂದು ಲೋಟ ಎಂದುಕೊಳ್ಳಿ. ಮೊದಲಿಗೆ ಒಂದು ಲೋಟಕ್ಕೆ ಎರಡೇ ಅರ್ಥ: ಖಾಲಿ ಅಥವಾ ತುಂಬಿದೆ. ದೂರದಿಂದ ನೋಡಿದರೂ ತಪ್ಪಾಗದು. ಬೆಲೆ ಇಳಿಸಲು ಕಂಪನಿಗಳು ಅದೇ ಲೋಟದಲ್ಲಿ 4 ಮಟ್ಟ, ಆಮೇಲೆ 8 ಮಟ್ಟ, ಈಗ 16 ಮಟ್ಟ ಗುರುತಿಸಲು ಶುರು ಮಾಡಿದವು. ಒಂದೇ ಲೋಟದಲ್ಲಿ ಹೆಚ್ಚು ಮಾಹಿತಿ ಹಿಡಿಯಿತು, ಕಾರ್ಡು ಅಗ್ಗವಾಯಿತು. ಆದರೆ ಸ್ವಲ್ಪ ನೀರು ಆರಿದರೂ 11ನೇ ಮಟ್ಟ 10ರಂತೆ ಕಾಣುತ್ತದೆ. ಪ್ರತಿ ಬಾರಿ ಬರೆದು ಅಳಿಸುವಾಗಲೂ ಆ ನಿರೋಧಕ ಪದರ ಸವೆಯುತ್ತದೆ. ಎರಡು ಮಟ್ಟದ ಕೋಶ ಸುಮಾರು 1 ಲಕ್ಷ ಬಾರಿ ಬರೆದು ಅಳಿಸುವುದನ್ನು ತಾಳುತ್ತದೆ. 8 ಅಥವಾ 16 ಮಟ್ಟದ ಕೋಶಕ್ಕೆ ಆ ಲೆಕ್ಕ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಫೋಟೋ ಇಡುವವರಿಗೆ ಸಾವಿರವೂ ಬೇಕಾದಷ್ಟಾಯಿತು. ಹಗಲು ರಾತ್ರಿ ಬರೆಯುತ್ತಲೇ ಇರುವ ಸಿಸಿಟಿವಿ, ಕಾರಿನ ಡ್ಯಾಶ್‌ಕ್ಯಾಮಿಗೆ ಅದು ಸಾಲುವುದಿಲ್ಲ. ಅದಕ್ಕೇ ಅವಕ್ಕೆ "ಹೈ ಎಂಡ್ಯೂರೆನ್ಸ್" ಎಂಬ ಬೇರೆ ಕಾರ್ಡು ಮಾರುತ್ತಾರೆ.

ಇನ್ನು ದರ್ಜೆಯ ವಿಷಯ. ಒಂದೇ ಕಾರ್ಖಾನೆಯಲ್ಲಿ, ಒಂದೇ ಸಿಲಿಕಾನ್ ತಟ್ಟೆಯ ಮೇಲೆ ತಯಾರಾದ ಚಿಪ್ಪುಗಳೆಲ್ಲ ಒಂದೇ ಗುಣದವಲ್ಲ. ಪರೀಕ್ಷೆ ಮಾಡಿ ವಿಂಗಡಿಸುತ್ತಾರೆ. ಮಾವಿನ ಮಂಡಿಯಲ್ಲಿ ಹಣ್ಣು ಆರಿಸಿದ ಹಾಗೆ. ಚೆನ್ನಾಗಿರುವುದು ಕಂಪ್ಯೂಟರಿನ ಎಸ್‌ಎಸ್‌ಡಿಗೆ, ಫೋನಿಗೆ, ಹೆಸರಿನ ಕಾರ್ಡುಗಳಿಗೆ ಹೋಗುತ್ತದೆ. ಕೆಲವು ಕೋಶ ಸತ್ತಿರುವ, ಬೇಗ ಸೋರುವ ಚಿಪ್ಪುಗಳನ್ನು ಎಸೆಯದೆ ಕಡಿಮೆ ಬೆಲೆಗೆ ಮಾರುತ್ತಾರೆ. ಅವು ಹೆಸರಿಲ್ಲದ ಕಾರ್ಡು, ಜಾಹೀರಾತಿಗೆ ಹಂಚುವ ಪೆನ್‌ಡ್ರೈವ್ ಆಗಿ ನಮ್ಮ ಕೈಗೆ ಬರುತ್ತವೆ. ಹಳೆಯ ಉಪಕರಣಗಳಿಂದ ಬಿಚ್ಚಿದ ಬಳಸಿದ ಚಿಪ್ಪುಗಳೂ ಇವುಗಳಲ್ಲಿ ಸೇರಿಕೊಳ್ಳುತ್ತವೆ. ಇದರ ಜೊತೆ ತಪ್ಪು ತಿದ್ದುವ ಕೆಲಸ ಮಾಡುವ ಕಂಟ್ರೋಲರೂ ಸಾಧಾರಣದ್ದೇ ಆದರೆ, ಹಣ್ಣೂ ಮಾಗಿದೆ, ಬುಟ್ಟಿಯೂ ಹರಿದಿದೆ ಎಂಬಂತಾಗುತ್ತದೆ.

ಬಿಸಿಗೆ ಈ ಸೋರಿಕೆ ಇನ್ನೂ ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಪೆನ್‌ಡ್ರೈವ್, ವರ್ಷಗಟ್ಟಲೆ ಮುಟ್ಟದೆ ಬೀರುವಿನಲ್ಲಿಟ್ಟ ಕಾರ್ಡು, ಎರಡೂ ನಂಬಲರ್ಹವಲ್ಲ.

ಬಂಡೀಪುರದ ಹುಲಿ, ಒಂದು ಕಾರ್ಡು

ಮೆಮೊರಿ ಕಾರ್ಡಿನ ಬೆಲೆಯನ್ನು ರೂಪಾಯಿಯಲ್ಲಿ ಅಳೆಯಬಾರದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ.

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಬಂಡೀಪುರ. 1973ರಲ್ಲಿ ಪ್ರಾಜೆಕ್ಟ್ ಟೈಗರ್ ಶುರುವಾದಾಗ ಆರಿಸಿಕೊಂಡ ಮೊದಲ ಕಾಡುಗಳಲ್ಲಿ ಇದೂ ಒಂದು. ಇಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ದೇಶದ ಬೇರೆ ಕಾಡುಗಳಲ್ಲಿ ಹುಲಿ ಎಣಿಸುವುದು ಕ್ಯಾಮೆರಾ ಟ್ರ್ಯಾಪ್‌ಗಳಿಂದ. ಹುಲಿ ಓಡಾಡುವ ಜಾಡಿನ ಎರಡೂ ಬದಿಯಲ್ಲಿ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಹುಲಿಯ ಎಡಮೈಯ ಪಟ್ಟೆ ಬೇರೆ, ಬಲಮೈಯ ಪಟ್ಟೆ ಬೇರೆ. ಎರಡೂ ಸಿಕ್ಕರೆ ಅದು ಯಾವ ಹುಲಿ ಎಂದು ಖಚಿತವಾಗಿ ಗುರುತಿಸಬಹುದು.

1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ಪಕ್ಕದ ನಾಗರಹೊಳೆಯಲ್ಲಿ ಈ ವಿಧಾನ ಬಳಸಲು ತೊಡಗಿದಾಗ ಇದ್ದದ್ದು ಫಿಲ್ಮ್ ರೋಲು. 36 ಚಿತ್ರ ಮುಗಿದರೆ ಕ್ಯಾಮೆರಾ ಕುರುಡು. ಈಗ ಅದರ ಜಾಗದಲ್ಲಿ ಮೆಮೊರಿ ಕಾರ್ಡಿದೆ. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು 3.48 ಕೋಟಿಗೂ ಹೆಚ್ಚು ಚಿತ್ರ ತೆಗೆದರು. ಅದರಲ್ಲಿ ಹುಲಿಯ ಚಿತ್ರ 76,651. ಅವುಗಳಿಂದ ಗುರುತು ಸಿಕ್ಕ ಹುಲಿಗಳು 2,461. ಈ ಗಣತಿ ಗಿನ್ನೆಸ್ ದಾಖಲೆಗೂ ಸೇರಿತು.

ಈ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿ. ಸುಮಾರು 450 ಚಿತ್ರಕ್ಕೆ ಒಂದರಲ್ಲಿ ಮಾತ್ರ ಹುಲಿ. ಉಳಿದದ್ದು ಜಿಂಕೆ, ಆನೆ, ದನ, ಅಲ್ಲಾಡಿದ ಹುಲ್ಲು. ಸಿಬ್ಬಂದಿ ಬಂದು ಕಾರ್ಡು ತೆಗೆದುಕೊಂಡು ಹೋಗಿ ಕಂಪ್ಯೂಟರಿಗೆ ಹಾಕುವವರೆಗೆ ಆ ಒಂದು ಚಿತ್ರ ಇರುವುದು ಆ ಒಂದು ಕಾರ್ಡಿನಲ್ಲಿ ಮಾತ್ರ. ಕಾರ್ಡು ಕೈಕೊಟ್ಟರೆ ಹುಲಿಯನ್ನು ಮತ್ತೆ ಕರೆದು ಅದೇ ದಾರಿಯಲ್ಲಿ ನಡೆಸಲಾಗದು. ಲೆಕ್ಕದ ಪುಸ್ತಕದಲ್ಲಿ ಆ ರಾತ್ರಿ ಅಲ್ಲಿ ಹುಲಿಯೇ ಇರಲಿಲ್ಲ.

ನಮ್ಮ ಮನೆಯ ವಿಷಯವೂ ಇಷ್ಟೇ. ಸಿನಿಮಾ ಹೋದರೆ ಮತ್ತೆ ಸಿಗುತ್ತದೆ. ಮಗುವಿನ ಮೊದಲ ಹೆಜ್ಜೆ ಎರಡನೇ ಸಲ ಸಿಗುವುದಿಲ್ಲ.

ಹಳೆಯ ಮದುವೆ ಸಿಡಿ ಇದೆಯೇ?

ಈ "ಕಡಿಮೆ ದರ್ಜೆ"ಯ ಕಥೆ ಹೊಸದಲ್ಲ. 2000ದಿಂದ 2015ರವರೆಗೆ ಮದುವೆಯಾದವರ ಮನೆಯಲ್ಲಿ ಒಂದು ಸಿಡಿ ಅಥವಾ ಡಿವಿಡಿ ಇದ್ದೇ ಇರುತ್ತದೆ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆಯುವ ಡಿಸ್ಕಿನಲ್ಲಿ ಮಾಹಿತಿ ಉಳಿಯುವುದು ಬಣ್ಣದ ಒಂದು ಪದರದಲ್ಲಿ. ಬೆಳಕು, ಬಿಸಿ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಆಗಲೂ ಹೆಸರಿರುವ ಡಿಸ್ಕು ಇತ್ತು, ಕಡಿಮೆ ಬೆಲೆಗೆ ಕಟ್ಟುಗಟ್ಟಲೆ ಸಿಗುವ ಡಿಸ್ಕೂ ಇತ್ತು. ಆಲ್ಬಮ್ಮಿನೊಳಗೆ ಯಾವುದನ್ನು ಹಾಕಿಕೊಟ್ಟಿದ್ದಾರೆ ಎಂದು ನಾವ್ಯಾರೂ ಕೇಳಿರಲಿಲ್ಲ.

ಭಾರತದ ದೊಡ್ಡ ಡಿಸ್ಕ್ ತಯಾರಕ ಮೋಸರ್ ಬೇಯರ್ ಕಂಪನಿ 2018ರಲ್ಲಿ ದಿವಾಳಿಯಾಯಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಆದ್ದರಿಂದ ಆ ಡಿಸ್ಕನ್ನು ಈ ತಿಂಗಳೇ ಹೊರತೆಗೆಯಿರಿ. ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಅಥವಾ ಸ್ಟುಡಿಯೋ ಹುಡುಕಿ ನಕಲು ಮಾಡಿಸಿ. ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಮಾತ್ರ ಇರುವುದು. ಇಡೀ ಮದುವೆ ಒಂದು ಸಣ್ಣ ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುತ್ತದೆ.

ಫಾರ್ವರ್ಡು ಹೇಳುವುದು ಏನು, ನಿಜ ಏನು?

"64 ಜಿಬಿ ಕಾರ್ಡು ಕೊಂಡರೆ 59 ಜಿಬಿ ತೋರಿಸುತ್ತೆ, ಅಂಗಡಿಯವರು ಮೋಸ ಮಾಡಿದ್ದಾರೆ."
ಮೋಸ ಅಲ್ಲ. ಕಂಪನಿ 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತದೆ. ವಿಂಡೋಸ್ ಕಂಪ್ಯೂಟರು 1024ರ ಲೆಕ್ಕದಲ್ಲಿ ಎಣಿಸುತ್ತದೆ. ಆ ಲೆಕ್ಕದಲ್ಲಿ 64 ಜಿಬಿ ಸುಮಾರು 59.6 ಆಗುತ್ತದೆ, 128 ಜಿಬಿ ಸುಮಾರು 119 ಆಗುತ್ತದೆ, 1 ಟಿಬಿ ಸುಮಾರು 931 ಜಿಬಿ ಆಗುತ್ತದೆ. ಇಷ್ಟು ಕಡಿಮೆ ಕಂಡರೆ ಗಾಬರಿ ಬೇಡ.

"ಕಾರ್ಡಿಗೆ ಹಾಕಿದರೆ ಜೀವಮಾನವಿಡೀ ಇರುತ್ತೆ."
ಇಲ್ಲ. ಫ್ಲ್ಯಾಶ್ ಮೆಮೊರಿ ಕಲ್ಲಿನ ಮೇಲಿನ ಶಾಸನವಲ್ಲ. ಸವೆಯುತ್ತದೆ, ಸೋರುತ್ತದೆ.

"ದುಬಾರಿ ಕಾರ್ಡು ಕೆಡುವುದೇ ಇಲ್ಲ, 10 ವರ್ಷ ವಾರಂಟಿ ಇದೆ."
ಕೆಡಬಹುದು. ವಾರಂಟಿಯ ಮೇಲೆ ಹೊಸ ಕಾರ್ಡು ಕೊಡುತ್ತಾರೆ, ನಿಮ್ಮ ಫೋಟೋ ಕೊಡುವುದಿಲ್ಲ. ವಾರಂಟಿ ಇರುವುದು ಪ್ಲಾಸ್ಟಿಕ್ಕಿಗೆ.

"ಕೆಟ್ಟ ಕಾರ್ಡನ್ನು ಫ್ರಿಜ್ಜಿನಲ್ಲಿ ಅಥವಾ ಅಕ್ಕಿಯಲ್ಲಿಟ್ಟರೆ ಸರಿಹೋಗುತ್ತೆ."
ಅಕ್ಕಿಗೆ ಚಿಪ್ಪಿನ ಒಳಗಿನ ಎಲೆಕ್ಟ್ರಾನ್ ಜೊತೆ ಯಾವ ವ್ಯವಹಾರವೂ ಇಲ್ಲ. ಫ್ರಿಜ್ಜಿನಿಂದ ತೆಗೆದಾಗ ಕೂರುವ ಹನಿ ಕಾರ್ಡಿನ ಕಾಲುಗಳಿಗೆ ಕೆಟ್ಟದ್ದು.

"ಫಾರ್ಮ್ಯಾಟ್ ಕೇಳಿದರೆ ಓಕೆ ಕೊಡಿ, ಆಮೇಲೆ ರಿಕವರ್ ಮಾಡಬಹುದು."
ಬೇಡ. ಓಕೆ ಒತ್ತಬೇಡಿ, ಹೊಸ ಫೋಟೋ ತೆಗೆಯಬೇಡಿ. ಕಾರ್ಡು ಹೊರತೆಗೆದು ಮೊದಲು ಬೇರೆ ರೀಡರಿನಲ್ಲಿ, ಬೇರೆ ಕಂಪ್ಯೂಟರಿನಲ್ಲಿ ನೋಡಿ. ಹೊಸದಾಗಿ ಬರೆದ ಪ್ರತಿ ಫೈಲೂ ಹಳೆಯದನ್ನು ಉಳಿಸುವ ಅವಕಾಶ ಕಡಿಮೆ ಮಾಡುತ್ತದೆ.

ಕೊಂಡ ದಿನವೇ ಹೀಗೆ ಪರೀಕ್ಷಿಸಿ

ಪ್ಯಾಕೆಟ್ಟಿನ ಮೇಲೆ ತಯಾರಕರ ಅಥವಾ ಆಮದು ಮಾಡಿಕೊಂಡವರ ಹೆಸರು ಮತ್ತು ವಿಳಾಸ, ಎಂಆರ್‌ಪಿ, ತಿಂಗಳು ಮತ್ತು ವರ್ಷ, ಗ್ರಾಹಕರು ಸಂಪರ್ಕಿಸಬೇಕಾದ ನಂಬರು ಇದೆಯೇ ನೋಡಿ. ಇವು ಕಾನೂನಿನ ಪ್ರಕಾರ ಇರಲೇಬೇಕು. ಬಿಡಿಯಾಗಿ ಡಬ್ಬಿಯಿಂದ ತೆಗೆದುಕೊಡುವ ಕಾರ್ಡಿಗೆ ಇದ್ಯಾವುದೂ ಇರುವುದಿಲ್ಲ.

ಕಾರ್ಡಿನ ಮೇಲಿನ ಗುರುತನ್ನೂ ನೋಡಿ. "ಎಚ್‌ಸಿ" ಎಂದಿದ್ದರೆ ಗರಿಷ್ಠ 32 ಜಿಬಿ, "ಎಕ್ಸ್‌ಸಿ" ಎಂದಿದ್ದರೆ ಗರಿಷ್ಠ 2 ಟಿಬಿ. "ಎಚ್‌ಸಿ" ಗುರುತಿನ 128 ಜಿಬಿ ಕಾರ್ಡು ಅಥವಾ "ಎಕ್ಸ್‌ಸಿ" ಗುರುತಿನ 4 ಟಿಬಿ ಕಾರ್ಡು ಸಿಕ್ಕರೆ, ಮಾಡಿದವರಿಗೆ ಸುಳ್ಳು ಹೇಳಲೂ ಸರಿಯಾಗಿ ಬಂದಿಲ್ಲ ಎಂದರ್ಥ.

ನಂತರ ನಿಜವಾದ ಪರೀಕ್ಷೆ. ಕಾರ್ಡು ಖಾಲಿ ಇರುವಾಗಲೇ ಮಾಡಬೇಕು. ವಿಂಡೋಸ್ ಕಂಪ್ಯೂಟರಿಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕಿಗೆ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡಿನ ಕೊನೆಯವರೆಗೂ ಬರೆದು, ಮತ್ತೆ ಓದಿ, ಬರೆದದ್ದೇ ಬಂದಿದೆಯೇ ಎಂದು ಹೇಳುತ್ತವೆ. ಸೆಕೆಂಡಿಗೆ 10 ಎಂಬಿ ವೇಗದ 64 ಜಿಬಿ ಕಾರ್ಡಿಗೆ ಬರೆಯಲು ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಉತ್ತರ ಸಿದ್ಧ.

ಕಂಪ್ಯೂಟರ್ ಇಲ್ಲದಿದ್ದರೆ ಫೋನಿನಲ್ಲೇ ಒರಟಾದ ಪರೀಕ್ಷೆ ಮಾಡಬಹುದು. ದೊಡ್ಡ ವಿಡಿಯೋಗಳನ್ನು ಮತ್ತೆ ಮತ್ತೆ ನಕಲು ಮಾಡಿ ಕಾರ್ಡನ್ನು ಪೂರ್ತಿ ತುಂಬಿಸಿ. ಕಾರ್ಡು ತೆಗೆದು ಮತ್ತೆ ಹಾಕಿ. ಮೊದಲ ವಿಡಿಯೋ, ನಡುವಿನ ಕೆಲವು, ಕೊನೆಯ ವಿಡಿಯೋ ಮೂರನ್ನೂ ಕೊನೆಯವರೆಗೆ ಓಡಿಸಿ ನೋಡಿ. ಒಂದಾದರೂ ಓಡದಿದ್ದರೆ ಕಾರ್ಡನ್ನು ವಾಪಸು ಕೊಡಿ. ವಾಪಸು ಕೊಡುವ ಗಡುವಿನೊಳಗೇ ಇದನ್ನು ಮುಗಿಸಿ, ಬಿಲ್ಲು ಇಟ್ಟುಕೊಳ್ಳಿ.

ಎಲ್ಲಿ ಅಗ್ಗ ಸಾಕು, ಎಲ್ಲಿ ಸಾಲದು?

ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕಾರ್ಡು ಇವತ್ತು ರಾತ್ರಿ ಸತ್ತರೆ ಇದರಲ್ಲಿರುವುದು ಬೇರೆಲ್ಲಿ ಸಿಗುತ್ತದೆ?

ಕಾರಿನಲ್ಲಿ, ಟ್ರ್ಯಾಕ್ಟರಿನಲ್ಲಿ ಹಾಡು ಕೇಳುವ ಪೆನ್‌ಡ್ರೈವ್, ಜೆರಾಕ್ಸ್ ಅಂಗಡಿಗೆ ಒಂದು ಪುಟ ಪ್ರಿಂಟ್ ಹಾಕಿಸಲು ಒಯ್ಯುವ ಪೆನ್‌ಡ್ರೈವ್, ಟಿವಿಗೆ ಹಾಕುವ ಸಿನಿಮಾ, ಇವಕ್ಕೆಲ್ಲ ಅಗ್ಗದ್ದು ಸಾಕು. ಜಾಗ ಮಾತ್ರ ಅಸಲಿ ಇರಲಿ. ಹೆಚ್ಚು ಕೊಟ್ಟರೆ ದುಡ್ಡು ದಂಡ.

ಮನೆಯವರ ಫೋಟೋ, ತೀರಿಕೊಂಡವರ ದನಿ, ಜಮೀನಿನ ಪತ್ರದ ಸ್ಕ್ಯಾನು, ವಿದ್ಯಾರ್ಥಿಯ ಪ್ರಾಜೆಕ್ಟು, ಫೋಟೋಗ್ರಾಫರ್ ಒಬ್ಬರ ಕೈಯಲ್ಲಿರುವ ಬೇರೆಯವರ ಮದುವೆ, ಇವಕ್ಕೆ ಅಗ್ಗದ್ದು ಸಾಲದು.

ನಮ್ಮ ಜಿಲ್ಲೆಗೆ ವಿಶೇಷವಾಗಿ ಇನ್ನೊಂದನ್ನು ಸೇರಿಸಬೇಕು. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಥೆ, ನೀಲಗಾರರು ತಂಬೂರಿ ಗಗ್ಗರ ಡಕ್ಕೆಯೊಂದಿಗೆ ಹಾಡುವ ಮಂಟೇಸ್ವಾಮಿಯ ಕಥೆ ಬಾಯಿಂದ ಬಾಯಿಗೆ ಬಂದವು. ಒಬ್ಬೊಬ್ಬ ಹಾಡುಗಾರರು ಹಾಡುವ ಬಗೆಯೂ ಬೇರೆ. ಇಂದು ಊರಿನ ಹುಡುಗರು ಫೋನಿನಲ್ಲಿ ರಾತ್ರಿಯಿಡೀ ರೆಕಾರ್ಡ್ ಮಾಡುತ್ತಾರೆ. ಆ ವೃದ್ಧ ಹಾಡುಗಾರರ ನಂತರ ಉಳಿಯುವುದು ಆ ಫೈಲು ಮಾತ್ರ ಆಗಿರಬಹುದು. ಅದು ಸುಳ್ಳು ಹೇಳುವ ಒಂದು ಕಾರ್ಡಿನ 33ನೇ ಮೂಟೆ ಆಗಬಾರದು.

ಇಂಥವಕ್ಕೆ ಫೋಟೋಗ್ರಾಫರುಗಳು ಪಾಲಿಸುವ 3-2-1 ಎಂಬ ಸೂತ್ರವಿದೆ. 3 ಪ್ರತಿ, 2 ಬಗೆಯ ಸಾಧನ, ಅದರಲ್ಲಿ 1 ಪ್ರತಿ ಬೇರೆ ಜಾಗದಲ್ಲಿ. ನಮ್ಮ ಮನೆಗೆ ಹೊಂದಿಸಿಕೊಂಡರೆ ಹೀಗೆ:

- ಒಂದು ಪ್ರತಿ ಫೋನಿನಲ್ಲಿ ಅಥವಾ ಅದರ ಕಾರ್ಡಿನಲ್ಲಿ.
- ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಅಥವಾ ಕಂಪ್ಯೂಟರಿನಲ್ಲಿ.
- ಮತ್ತೊಂದು ಗೂಗಲ್ ಖಾತೆಯಲ್ಲಿ (15 ಜಿಬಿವರೆಗೆ ಉಚಿತ) ಅಥವಾ ಬೇರೆ ಊರಿನ ಅಣ್ಣ ಅಕ್ಕನ ಮನೆಯಲ್ಲಿ.

ವಾಟ್ಸಾಪಿನಲ್ಲಿ ಕಳಿಸಿದ ಫೋಟೋವನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಅದು ಫೋಟೋವನ್ನು ಕುಗ್ಗಿಸುತ್ತದೆ. ಕಳಿಸಲೇಬೇಕೆಂದರೆ "ಡಾಕ್ಯುಮೆಂಟ್" ಆಗಿ ಕಳಿಸಿ. ಅಂಕಪಟ್ಟಿ, ಡ್ರೈವಿಂಗ್ ಲೈಸೆನ್ಸ್‌ನಂಥ ದಾಖಲೆಗಳನ್ನು ಸರ್ಕಾರದ ಡಿಜಿಲಾಕರಿನಲ್ಲಿ ಪಡೆದಿಟ್ಟರೆ ಕಾರ್ಡಿನ ಚಿಂತೆಯೇ ಇಲ್ಲ. ಇನ್ನೊಂದು ಎಚ್ಚರಿಕೆ: ಕಾರ್ಡನ್ನು ಫೋನಿನ "ಇಂಟರ್ನಲ್ ಸ್ಟೋರೇಜ್" ಆಗಿ ಮಾರ್ಪಡಿಸಿದರೆ ಆ ಫೋನು ಸತ್ತ ಮೇಲೆ ಬೇರೆ ಫೋನಿನಲ್ಲಿ ಅದು ತೆರೆಯುವುದಿಲ್ಲ. ಫೋಟೋ ಇಡುವ ಕಾರ್ಡಿಗೆ ಅದನ್ನು ಮಾಡಬೇಡಿ.

ಮೋಸ ಹೋಗಿದ್ದರೆ?

ಪರೀಕ್ಷೆಯ ಫಲಿತಾಂಶದ ಸ್ಕ್ರೀನ್‌ಶಾಟ್, ಬಿಲ್ಲು, ಜಾಹೀರಾತಿನ ಚಿತ್ರ ಇಟ್ಟುಕೊಂಡು ಮೊದಲು ಮಾರಿದವರನ್ನು ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವರು ದೆಹಲಿಯಲ್ಲಿದ್ದರೂ ಚಾಮರಾಜನಗರದವರು ದೆಹಲಿಗೆ ಹೋಗಬೇಕಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಲಿಂಕು ಒತ್ತಿ ದುಡ್ಡು ಕಟ್ಟಿ, ಮಾಲೇ ಬರದೆ ಹೋಗಿದ್ದರೆ ಅದು ಸೈಬರ್ ವಂಚನೆ. ಕೂಡಲೇ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ದುಡ್ಡು ದೂರ ಹೋಗುತ್ತದೆ.

ಕೊನೆಗೆ

ನಿಮ್ಮ ಫೋನಿನಲ್ಲಿ ಈಗಾಗಲೇ ಇರುವ ಕಾರ್ಡು ಯಾವ ಬಗೆಯದ್ದು ಎಂದು ಅನುಮಾನ ಇದ್ದರೆ ಅದನ್ನು ಪರೀಕ್ಷಿಸುವ ಮೊದಲು ಒಳಗಿರುವುದನ್ನು ಬೇರೆಡೆ ನಕಲು ಮಾಡಿ. ನಕಲು ಮಾಡುವಾಗ ನಾಲ್ಕಾರು ಹಳೆಯ ಫೋಟೋ, ನಾಲ್ಕಾರು ಹೊಸ ಫೋಟೋ ತೆರೆದು ನೋಡಿ. ಪಟ್ಟಿಯಲ್ಲಿ ಹೆಸರು ಕಂಡರೆ ಸಾಲದು, ಚಿತ್ರ ಪೂರ್ತಿ ಕಾಣಬೇಕು.

299 ರೂಪಾಯಿಯ ಆ ಮೆಸೇಜು ಮತ್ತೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಅದು ಬಂದ ಗ್ರೂಪಿಗೆ ಇದನ್ನು ಕಳಿಸಿ. ಅಲ್ಲಿ ಯಾರಾದರೊಬ್ಬರು ಆ ಕಾರ್ಡನ್ನು ಈಗಾಗಲೇ ಕೊಂಡಿರಬಹುದು. 32 ಜಿಬಿ ತುಂಬುವ ಮೊದಲು ಅವರಿಗೆ ಈ ವಿಷಯ ಮುಟ್ಟಿದರೆ ಅವರ ಫೋಟೋಗಳು ಉಳಿಯುತ್ತವೆ.